ಸೂರಿನ ದೂರು

ಮನೆ ಸೋರಿದರೆ ನಾವು ಮೊದಲು ಬೈಯುವುದು ಮಳೆಯನ್ನು, ಆಮೇಲೆ ಹಂಚನ್ನು, ಕೊನೆಗೆ ಮನೆ ಕಟ್ಟಿದ ಮೇಸ್ತ್ರಿಯನ್ನು. ಮೂವರೂ ಎದುರು ಮಾತಾಡುವವರಲ್ಲ. ಮೇಸ್ತ್ರಿಯಂತೂ ಫೋನನ್ನೇ ಎತ್ತುವುದಿಲ್ಲ. ಮಲೆನಾಡು, ಕರಾವಳಿಯ ಹಂಚಿನ ಮನೆಗಳ ಮಟ್ಟಿಗೆ ಹೇಳುವುದಾದರೆ, ವಿಚಾರಣೆಗೆ ಮೊದಲು ಕರೆಯಬೇಕಾದವನು ಸೂರಿನಂಚಿಗೆ ಉದ್ದಕ್ಕೆ ಮಲಗಿರುತ್ತಾನೆ. ಅವನೇ ದಂಬೆ. ಹಿಂದೆ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ಕಟ್ಟುತ್ತಿದ್ದರು. ಈಗ ತಗಡು, ಪಿವಿಸಿ. ಮೈ ಬದಲಾದರೂ ಉದ್ಯೋಗ ಅದೇ: ಮಾಡಿನ ನೀರನ್ನು ಹಿಡಿದು, ಗೋಡೆಗೆ ಸೋಕದಂತೆ ಆಚೆ ದಾಟಿಸುವುದು. ಒಡೆದ ಹಂಚಿಗಿಂತ ಕಟ್ಟಿಕೊಂಡ ದಂಬೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ವಾದ. ಒಡೆದ ಹಂಚು ಪ್ರಾಮಾಣಿಕ. ಮಳೆ ಬಂದ ರಾತ್ರಿಯೇ ಮಲಗಿದವರ ಮೂಗಿನ ಮೇಲೆ ತೊಟ್ಟಿಕ್ಕಿ ದೂರು ಕೊಡುತ್ತದೆ. ದಂಬೆ ಹಾಗಲ್ಲ. ವರ್ಷಗಟ್ಟಲೆ ಬಾಯಿ ಬಿಡದೆ ಮನೆಯನ್ನು ತಿನ್ನುತ್ತದೆ.

ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅಲ್ಲಿ 100 ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನಿಂದ 7 ಲಕ್ಷ ಲೀಟರ್ ನೀರು ಇಳಿಯಬೇಕು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ದೊಡ್ಡ ಸೈನ್ಯವನ್ನು ತಡೆದು ನಿಲ್ಲಿಸುವ ವೀರ ಯಾರು? ಒಂದು ಹಲಸಿನ ಎಲೆ. ಬೇಸಿಗೆಯಲ್ಲಿ ಉದುರಿದ್ದು, ದಪ್ಪ ಚರ್ಮದ್ದು, ಇಳಿಕೊಳವೆಯ ಬಾಯಿಗೆ ಅಳತೆ ಕೊಟ್ಟು ಹೊಲಿಸಿದಂಥದ್ದು. ಅದು ಬಾಗಿಲಲ್ಲಿ ನಿಂತಿತೆಂದರೆ ಹಿಂದಿನದೆಲ್ಲ ಮದುವೆಮನೆಯ ಊಟದ ಬಾಗಿಲಿನಂತೆ: ಮಾವಿನೆಲೆ, ಹಂಚಿನ ಪಾಚಿ, ಅಳಿಲು ತಂದ ನಾರು, ಬೇಸಿಗೆಯ ಧೂಳು, ಎಲ್ಲ ಒಂದರ ಮೇಲೊಂದು. ಮೊದಲ ಮಳೆ ಇದಕ್ಕೆ ಅಂಟು ಹಾಕುತ್ತದೆ. ಹತ್ತು ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳದ ದಂಬೆ ತುಂಬಿದರೆ 150 ಕಿಲೋ, ಅಂದರೆ ಮೂರು ಮೂಟೆ ಅಕ್ಕಿಯ ಭಾರ. ನಾಲ್ಕಾರು ಮೊಳೆಗಳನ್ನು ನಂಬಿ ಸೂರಿಗೆ ಮೂರು ಮೂಟೆ ಅಕ್ಕಿ ನೇತುಹಾಕುವ ಧೈರ್ಯ ಯಾರಿಗಿದೆ? ಆದರೆ ನೀರನ್ನು ನೇತುಹಾಕಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಮೊಳೆ ಸಡಿಲವಾಗಿ ದಂಬೆ ಒಂದೆಡೆ ಜೋತಾಗ ನೀರಿಗೆ ಎರಡು ದಾರಿ. ಹೊರಗೆ ಉಕ್ಕಿದರೆ ಅಂಗಳಕ್ಕೆ ಬಿದ್ದು ಮಣ್ಣನ್ನು ಗೋಡೆಗೆ ಎರಚುತ್ತದೆ, ಸುಣ್ಣ ಬಳಿದ ಗೋಡೆಗೆ ಕೆಂಪು ಕಚ್ಚೆ ಉಡಿಸುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಒಳಗೆ ಉಕ್ಕುವುದೇ ಕುತಂತ್ರ. ಮಾಡನ್ನು ಹೊತ್ತ ಇಳಿಜಾರು ಮರ, ಪಕಾಸು; ಅದರ ತುದಿ ಅಂದರೆ ಕತ್ತರಿಸಿದ ಮರದ ಬಾಯಿ; ಮರದ ನಾಳಗಳೆಲ್ಲ ಅಲ್ಲಿ ತೆರೆದುಕೊಂಡಿರುತ್ತವೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ನೀರು ಹೀರುತ್ತದೆ. ಮರದ ತೇವ ಶೇಕಡಾ 20ರ ಕೆಳಗಿದ್ದರೆ ಬೂಷ್ಟು ಸುಮ್ಮನಿರುತ್ತದೆ. ಅದನ್ನು ದಾಟಿ ಮೇಲೇರಿದಂತೆ ಊಟಕ್ಕೆ ಎಲೆ ಹಾಕಿಸಿಕೊಳ್ಳುತ್ತದೆ, ಹಿಂದೆಯೇ ಒರಲೆ ಬರುತ್ತದೆ. ಮೇಲಿನ ಬಣ್ಣ ಮಾತ್ರ ಹಾಗೇ ಹೊಳೆಯುತ್ತಿರುತ್ತದೆ. ಬೆರಳಿನಿಂದ ಒತ್ತಿದಾಗಲೇ ಗೊತ್ತಾಗುವುದು, ಅದು ಮರವಾಗಿ ಉಳಿದಿಲ್ಲ, ಹಲ್ವ ಆಗಿದೆ ಎಂದು. ಪಕಾಸು ತಗ್ಗಿದರೆ ಅದರ ಮೇಲೆ ಅಡ್ಡಕ್ಕೆ ಹೊಡೆದ ರೀಪು ತಗ್ಗುತ್ತದೆ, ರೀಪು ತಗ್ಗಿದರೆ ಹಂಚು ಜಾರುತ್ತದೆ. ಆಗ ನಾವು ಹೇಳುತ್ತೇವೆ, ಹಂಚು ಸರಿಯಿಲ್ಲ!

ತಾರಸಿ ಮನೆಯವರು ಇದನ್ನೋದಿ ನಗಬೇಕಿಲ್ಲ. ನೀರಿಳಿಯುವ ತೂತು ಕಟ್ಟಿದರೆ ತಾರಸಿಯೇ ಕೆರೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನೇ ಸಿಡಿಸಿ ಉದುರಿಸುತ್ತದೆ. ಅದಕ್ಕೆ ಮೊದಲು ಸೀಲಿಂಗಿನಲ್ಲಿ ಒಂದು ಭೂಪಟ ಮೂಡುತ್ತದೆ, ವರ್ಷವರ್ಷವೂ ರಾಜ್ಯ ವಿಸ್ತರಿಸುತ್ತದೆ.

ಹಳೆಯ ಸೋಗೆ ಮನೆಗಳು ದಂಬೆಯ ಹಂಗಿಲ್ಲದೆ ಬಾಳಲಿಲ್ಲವೇ ಎಂದು ಕೇಳುವವರಿದ್ದಾರೆ. ಬಾಳಿದವು, ನಿಜ. ಆದರೆ ಅವುಗಳ ಸೂರು ಎಷ್ಟು ಮುಂದಕ್ಕೆ, ಎಷ್ಟು ಕೆಳಕ್ಕೆ ಬರುತ್ತಿತ್ತೆಂದರೆ ಒಳಗೆ ಹೋಗುವವರು ತಲೆ ಬಾಗಿಸಲೇಬೇಕಿತ್ತು; ನೀರು ಗೋಡೆಯಿಂದ ದೂರ ಬೀಳುತ್ತಿತ್ತು, ಸೋಗೆಯನ್ನೂ ಆಗಾಗ ಬದಲಿಸುತ್ತಿದ್ದರು. ಈಗಿನ ಸೂರು ಟೋಪಿಯ ಅಂಚಿನಷ್ಟು. ದಂಬೆ ಕಿತ್ತರೆ ನೀರು ಬೀಳುವುದು ನಮ್ಮ ಗೋಡೆಯ ಬುಡಕ್ಕೆ, ಇಲ್ಲವೆ ಪಕ್ಕದ ಮನೆಯ ಅಂಗಳಕ್ಕೆ. ಮೊದಲನೆಯದಕ್ಕೆ ಮೇಸ್ತ್ರಿ ಬೇಕು, ಎರಡನೆಯದಕ್ಕೆ ವಕೀಲರು. ಜಾಲರಿ ಹಾಕಿದರಾಯಿತಲ್ಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹಲಸಿನೆಲೆ ನಿಲ್ಲುತ್ತದೆ, ಗುಲ್‌ಮೊಹರಿನ ಸಣ್ಣೆಲೆ, ಗಾಳಿಮರದ ಸೂಜಿ, ಪಾಚಿಪುಡಿ ನಿಲ್ಲುವುದಿಲ್ಲ. ಮೇಲೆ ನಿಂತ ಎಲೆಗಳನ್ನಾದರೂ ಯಾರೋ ಗುಡಿಸಬೇಕು. ಏಣಿ ತಪ್ಪಿದ್ದಲ್ಲ. ಮರವನ್ನೇ ಕಡಿದುಬಿಡೋಣ ಎನ್ನುವ ಮಹಾಪುರುಷರಿಗೆ ಉತ್ತರ ಹೇಳುವುದೇ ವ್ಯರ್ಥ. ನೆಗಡಿಗೆ ಮೂಗು ಕೊಯ್ಯುವ ವೈದ್ಯ ಅದು. ಪಕ್ಕದ ತೋಟದ ಎಲೆಗೆ ಗಡಿಕಲ್ಲು ಓದಲು ಬರುವುದಿಲ್ಲವೆಂದಷ್ಟೇ ನೆನಪಿಸಬಹುದು.

ಉಳಿದಿರುವುದು ಸೋಮಾರಿಗಳ ಆಕ್ಷೇಪ, ಅದೇ ಎಲ್ಲಕ್ಕಿಂತ ಗಟ್ಟಿ: ಮುಂದಿನ ವರ್ಷ ನೋಡೋಣ. ಪಂಚಾಂಗದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತವಿದೆ, ದಂಬೆ ಬಳಿಯುವುದಕ್ಕಿಲ್ಲ. ಹಾಗಾಗಿ ರೋಹಿಣಿ ಮಳೆ ಕಳೆದು ಮೃಗಶಿರಾ ಬಂದಾಗಲೂ ಏಣಿ ಕೊಟ್ಟಿಗೆಯಲ್ಲೇ ಇರುತ್ತದೆ. ಅಷ್ಟರಲ್ಲಿ ಕೊಳೆತ ಎಲೆ ಒಳ್ಳೆಯ ಗೊಬ್ಬರವಾಗಿ, ಹಕ್ಕಿ ಹಿಕ್ಕೆಯಲ್ಲಿ ಬಂದ ಅಶ್ವತ್ಥದ ಬೀಜವೊಂದು ಅಲ್ಲಿ ಮೊಳೆಯುತ್ತದೆ. ಎರಡೆಲೆಯಿದ್ದಾಗ ಚಿವುಟಬಹುದಿತ್ತು. ಬೇರು ಗೋಡೆಯ ಬಿರುಕಿಗಿಳಿದ ಮೇಲೆ ಅದು ದೇವರ ಮರ. ಕಡಿಯಲು ಆಳು ಒಪ್ಪುವುದಿಲ್ಲ, ಕಡಿಸಲು ಮನೆಯ ಹಿರಿಯರು ಬಿಡುವುದಿಲ್ಲ. ಇನ್ನು ಅದಕ್ಕೆ ಶಾಸ್ತ್ರೋಕ್ತವಾಗಿ ಉಪನಯನ ಮಾಡಿ, ಬೇವಿನೊಂದಿಗೆ ಮದುವೆ ಮಾಡಿಸುವುದೊಂದೇ ಬಾಕಿ. ಹೆಣ್ಣು ಹುಡುಕಲು ದೂರ ಹೋಗಬೇಕಾಗಿಲ್ಲ. ಪಕ್ಕದ ಮನೆಯ ದಂಬೆಯನ್ನು ಒಮ್ಮೆ ಇಣುಕಿದರಾಯಿತು.