ಯಾವ ಕಂಪನಿ?

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಪ್ರಶ್ನೆಗಳಿಗೊಂದು ಕ್ರಮವಿದೆ. ಮೊದಲು "ಕನ್ನಡದವರಾ?", ಆಮೇಲೆ "ಯಾವ ಕಂಪನಿ?" ಊರು, ಹೆಸರು ಎಲ್ಲ ನಂತರದ ಮಾತು. ಎಷ್ಟೋ ಸಲ ಹೆಸರಿನವರೆಗೆ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ಪಾರ್ಕಿಂಗ್ ಮೀಟರಿನ ಹೊತ್ತು ಮುಗಿದಿರುತ್ತದೆ.

ನಾನು ಒಂದು ವರ್ಷದ ಮಟ್ಟಿಗೆ ಬರ್ಕ್ಲಿಗೆ ಭಾಷಾವಿಜ್ಞಾನ ಓದಲು ಬಂದವಳು. ಕಂಪನಿ ಇಲ್ಲ. ಹಾಗೆಂದ ಕೂಡಲೇ ಎದುರಿನವರ ಮುಖದಲ್ಲಿ ಸಾವಿನ ಮನೆಗೆ ಮಾತಾಡಿಸಲು ಬಂದವರ ಗಾಂಭೀರ್ಯ ಮೂಡುತ್ತದೆ. ದನಿ ತಗ್ಗುತ್ತದೆ. "ಭಾಷೆನಾ? ಅದನ್ನ ಓದೋಕೆ ಇಷ್ಟು ದೂರ ಬಂದ್ಯೇನಮ್ಮಾ?" ಎನ್ನುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು, ಇನ್ನೂ ವಯಸ್ಸಿದೆ. ಡೇಟಾ ಸೈನ್ಸಿಗೆ ಬದಲಾಯಿಸ್ಕೋಬಹುದಂತೆ, ವಿಚಾರ್ಸು" ಎಂದು ಧೈರ್ಯ ತುಂಬುತ್ತಾರೆ.

ಈ ಮರುಕದಿಂದ ನನಗೆ ನಷ್ಟವೇನೂ ಇಲ್ಲ. ಕಂಪನಿ ಇರುವವರಿಗೆ ಬರೀ ವಿಸಿಟಿಂಗ್ ಕಾರ್ಡು ಸಿಗುತ್ತದೆ, ನನಗೆ ಊಟ ಸಿಗುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ಐವತ್ತು ವರ್ಷ ದಾಟಿದ ಸಮಾಜವೆಂದರೆ ಸಾಮಾನ್ಯವೇ? ಅದರಲ್ಲಿ ಚಟ್ನಿಪುಡಿಗೊಬ್ಬರು, ಹೋಳಿಗೆಗೊಬ್ಬರು ತಜ್ಞರಿದ್ದಾರೆ, ಬಡ ವಿದ್ಯಾರ್ಥಿಗಳನ್ನು ಗುರುತು ಹಿಡಿಯುವುದರಲ್ಲಿ ಎಲ್ಲರೂ ತಜ್ಞರೇ. ಡೌನ್‌ಟೌನ್ ಬರ್ಕ್ಲಿಯಲ್ಲಿ ಬಾರ್ಟ್ ರೈಲು ಹತ್ತಿದರೆ ಗಾಡಿ ಬದಲಿಸದೆ, ನನಗೆ ಊಟ ಹಾಕುವವರಿರುವ ಫ್ರೀಮಾಂಟಿನಲ್ಲಿ ಇಳಿಯಬಹುದು. 1972ರಲ್ಲಿ ಬಾರ್ಟ್ ಮೊದಲು ಓಡಿದ್ದೇ ಫ್ರೀಮಾಂಟಿನ ಮಾರ್ಗದಲ್ಲಿ. ಹಳಿ ಹಾಕಿದವರಿಗೆ ಮುಂದೊಂದು ದಿನ ಅದರ ಮೇಲೆ ಇಷ್ಟೊಂದು ಹುಳಿಪುಡಿ ಸಾಗಬಹುದೆಂಬ ಅಂದಾಜು ಇದ್ದಿರಲಾರದು.

ನನ್ನ ವಾಸ ವಿದ್ಯಾರ್ಥಿಗಳ ಸಹಕಾರಿ ಮನೆಯೊಂದರಲ್ಲಿ. 1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಬಾಡಿಗೆ ಕೊಡಲಾರದ ಹುಡುಗರು ಸೇರಿ ಕಟ್ಟಿಕೊಂಡ ಸಹಕಾರ ಸಂಘ ಈಗ ಊರ ತುಂಬ ಮನೆಗಳನ್ನು ನಡೆಸುತ್ತದೆ. ಬಾಡಿಗೆ ಕಮ್ಮಿ, ಬದಲಿಗೆ ವಾರಕ್ಕೆ 5 ಗಂಟೆ ಮೈಮುರಿದು ಕೆಲಸ. ಯಾರಿಗೋ ಕಕ್ಕಸು, ಯಾರಿಗೋ ಕಾಂಪೋಸ್ಟು. ನನ್ನ ಪಾಲಿಗೆ ಬಂದದ್ದು ದೊಡ್ಡ ಪಾತ್ರೆಗಳು, ಅಂದರೆ ನಮ್ಮ ಮದುವೆ ಮನೆಯ ಕೊಪ್ಪರಿಗೆಯ ತಮ್ಮಂದಿರು. ತಳದಲ್ಲಿ ಹಿಡಿದ ಮಸೂರ್ ಬೇಳೆಯನ್ನು ಕೆರೆಯುತ್ತಾ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆ. "ಇಲ್ಲಿ ಕುಡಿದ ಲೋಟ ಎತ್ತಿಟ್ಟವಳಲ್ಲ, ಅಲ್ಲಿ ಛತ್ರದ ಪಾತ್ರೆ ತೊಳೀತಿದೀಯಲ್ಲೇ! ಇದಕ್ಕೆ ವೀಸಾ ಬೇರೆ ಕೊಡ್ತಾರಾ?" ಎಂದಳು. ಪಕ್ಕದಲ್ಲಿದ್ದ ಅಪ್ಪ, "ಸರಿಯಾಗಿ ಉಜ್ಜು" ಎಂದಷ್ಟೇ ಹೇಳಿದರು.

ನಾನಿರುವುದು ಸಸ್ಯಾಹಾರಿ ಮನೆ. ಅರಸೀಕೆರೆಯ ಹುಡುಗಿಗೆ ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ಇಲ್ಲಿ ಸಸ್ಯಾಹಾರದಲ್ಲಿ ಮಡಿ, ಅತಿ ಮಡಿ ಎಂದು ಎರಡು ಪಂಗಡ. ಅತಿ ಮಡಿಯವರಿಗೆ ಹಾಲು, ಜೇನುತುಪ್ಪ ಯಾವುದೂ ಆಗದು. ಫ್ರಿಜ್ಜಿನಲ್ಲಿ ಮೊಸರೆಂದು ಇದ್ದದ್ದು ವೆನಿಲ್ಲಾ ಹಾಕಿದ ಸಿಹಿ ಪದಾರ್ಥ. ಅದನ್ನು ಅನ್ನಕ್ಕೆ ಕಲಸಿ, ಒಗ್ಗರಣೆ ಕೊಟ್ಟು, ಒಂದು ತುತ್ತು ಬಾಯಿಗಿಟ್ಟ ಮೇಲೆ ನಾನು ಮನೆಯ ಸಭೆಯಲ್ಲಿ ಸಾದಾ ಮೊಸರಿಗಾಗಿ ಅರ್ಜಿ ಸಲ್ಲಿಸಿದೆ.

ಸಭೆಯೆಂದರೆ ಸಭೆ. ನಮ್ಮ ಗ್ರಾಮ ಪಂಚಾಯಿತಿಯವರು ಬಂದು ನೋಡಬೇಕು. ಯಾರೂ ಕೂಗುವುದಿಲ್ಲ, ಯಾರೂ ಎದ್ದುಹೋಗುವುದಿಲ್ಲ. ಒಪ್ಪಿಗೆಯಾದರೆ ಚಪ್ಪಾಳೆಯ ಬದಲು ಹತ್ತೂ ಬೆರಳು ಮೇಲೆತ್ತಿ ಗಾಳಿಯಲ್ಲಿ ಆಡಿಸುತ್ತಾರೆ. ಒಬ್ಬಳು ಹಸುವಿನ ಒಪ್ಪಿಗೆಯ ಪ್ರಶ್ನೆ ಎತ್ತಿದಳು. ಒಬ್ಬ ಓಟ್ಸ್ ಹಾಲಿನ ಮೊಸರು ತರಿಸೋಣ ಎಂದ. ತತ್ವಶಾಸ್ತ್ರದ ಹುಡುಗನೊಬ್ಬ ಮೊಸರು ನನಗೆ ಆಹಾರವೋ ಸಂಸ್ಕೃತಿಯೋ ಎಂದು ಕೇಳಿದ. "ಊಟದ ಕೊನೆ" ಎಂದೆ. ಬೆರಳುಗಳು ಆಡಿದವು. ಆದರೂ ತೀರ್ಮಾನವಾಗಲಿಲ್ಲ, ಉಪಸಮಿತಿಯಾಯಿತು. ಉಪಸಮಿತಿಯೆಂದರೆ ಏನು ಎಂದು ಅರಸೀಕೆರೆಯವರಿಗೆ ಹೇಳಿಕೊಡಬೇಕೆ?

ಮುಂದಿನ ಭಾನುವಾರ ಫ್ರೀಮಾಂಟಿನ ಆಂಟಿಯೊಬ್ಬರ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ತಂದೆ. ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದೆ. ಎದುರು ಸೀಟಿನ ಮುದುಕ ಅದನ್ನು ಯಾರದೋ ಅಸ್ಥಿ ಎಂದು ತಿಳಿದನೋ ಏನೋ, ಟೊಪ್ಪಿ ತೆಗೆದು ತಲೆಬಾಗಿದ. ಆದರೆ ಬರ್ಕ್ಲಿಯ ಚಳಿಗೆ ಹಾಲು ಹೆಪ್ಪಾಗಲೊಲ್ಲದು. ಕೊಲ್ಲಿಯ ಮಂಜು ಅಡುಗೆಮನೆಯ ಒಳಗೂ ಬರುತ್ತದೆ. ಆಂಟಿಗೆ ಫೋನ್ ಮಾಡಿದರೆ, "ಅವನ್ ಹಚ್ಬೇಡ, ಅದರೊಳಗಿನ ಲೈಟು ಮಾತ್ರ ಹಾಕಿ ರಾತ್ರಿಯಿಡೀ ಇಡು" ಎಂದರು. ಬೆಳಿಗ್ಗೆ ನೋಡಿದರೆ, ಡಬ್ಬಿ ಓರೆ ಮಾಡಿದರೂ ಅಲ್ಲಾಡದ ಕೆನೆಮೊಸರು! ಅಷ್ಟರಲ್ಲಿ ಮನೆಯ ಕೊಂಬುಚ ಚಹಾ ಹುದುಗಿಸುವವರು, ಹುಳಿಬ್ರೆಡ್ಡಿಗೆ ಹಿಟ್ಟು ಸಾಕುವವರು ಸುತ್ತ ಸೇರಿದ್ದರು. 1849ರಿಂದ ಒಂದೇ ಹಿಟ್ಟಿನ ಹುಳಿಯನ್ನು ಉಳಿಸಿಕೊಂಡು ಬಂದಿದ್ದೇವೆ ಎನ್ನುವ ಬೂಡೀನ್ ಬೇಕರಿ ಇರುವ ಊರಿನ ಪಕ್ಕದವರು ತಾನೇ. "ಇದರ ವಯಸ್ಸೆಷ್ಟು?" ಎಂದು ಕೇಳಿದರು. ಆಂಟಿಗೆ ಅವರ ಗೆಳತಿ ಕೊಟ್ಟದ್ದು, ಗೆಳತಿಗೆ ಸನಿವೇಲಿನ ಅತ್ತೆ ಕೊಟ್ಟದ್ದು, ಅತ್ತೆಗೆ ಯಾರು ಕೊಟ್ಟರೋ ಅವರನ್ನೇ ಕೇಳಬೇಕು ಎಂದೆ. ಅತಿ ಮಡಿಯ ಹುಡುಗಿಯೇ ಟೇಪ್ ಹರಿದು ಡಬ್ಬಿಯ ಮೇಲೆ ನನ್ನ ಹೆಸರು, ತಾರೀಖು ಬರೆದು ಅಂಟಿಸಿದಳು. ಉಪಸಮಿತಿ ಇನ್ನೂ ಸೇರಿಲ್ಲ.

ತರಗತಿಯಲ್ಲಿ ನನ್ನ ಗತಿ ಬೇರೆ. ಕಲಿಯಲು ಬಂದವಳನ್ನೇ ಕಲಿಕೆಯ ಸಾಮಗ್ರಿ ಮಾಡಿಬಿಟ್ಟರು. ಕ್ಷೇತ್ರಕಾರ್ಯದ ಪಾಠದಲ್ಲಿ, ಗೊತ್ತಿಲ್ಲದ ಭಾಷೆಯವರೊಬ್ಬರನ್ನು ಎದುರು ಕೂರಿಸಿಕೊಂಡು, ಪುಸ್ತಕ ಮುಟ್ಟದೆ, ಬರೀ ಕೇಳಿ ಕೇಳಿಯೇ ವ್ಯಾಕರಣ ಕಂಡುಹಿಡಿಯಬೇಕು. ಅಭ್ಯಾಸಕ್ಕೆ ನಾನೇ ಸುಲಭಕ್ಕೆ ಸಿಕ್ಕೆ. ತಲೆಗೆ ಮೈಕು ಸಿಕ್ಕಿಸಿದರು. "ನಾಯಿ ಮಗುವನ್ನು ಕಚ್ಚಿತು" ಎಂದೆ. ಬರೆದುಕೊಂಡರು. "ಮಗುವನ್ನು ನಾಯಿ ಕಚ್ಚಿತು ಅನ್ನಬಹುದೆ?" ಅನ್ನಬಹುದು. "ಕಚ್ಚಿತು ನಾಯಿ ಮಗುವನ್ನು?" ಅನ್ನಬಹುದು, ನಾಟಕದಲ್ಲಿ. "ನಾಟಕದಲ್ಲಿ" ಎಂದೂ ಬರೆದುಕೊಂಡರು. "ನಾಯಿ ಮಗುಗೆ ಕಚ್ಚಿತು?" ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ಪರೀಕ್ಷೆಯಲ್ಲಿ ಬರೆಯುವಾಗ ನಾಯಿ ಮಗುವನ್ನು ಕಚ್ಚುತ್ತದೆ. ಬೀದಿಯಲ್ಲಿ ನಿಜವಾಗಿ ಕಚ್ಚಿದಾಗ ಮಗುಗೆ ಕಚ್ಚುತ್ತದೆ. ಇದನ್ನು ಕೇಳಿ ತರಗತಿಗೆ ನಿಧಿ ಸಿಕ್ಕಷ್ಟು ಖುಷಿ. ಅಂದಿನಿಂದ ವಾರವಾರ ಆ ನಾಯಿ ಆ ಮಗುವನ್ನು ಕಚ್ಚುತ್ತಲೇ ಇದೆ: ನಿನ್ನೆ, ನಾಳೆ, ಕಚ್ಚಿದ್ದರೆ, ಕಚ್ಚದಿದ್ದರೆ.

ಇದಕ್ಕೆಲ್ಲ ಮೂಲಪುರುಷರೊಬ್ಬರಿದ್ದಾರೆ. ಈ ವಿಭಾಗವನ್ನು ಕಟ್ಟಿದವರಲ್ಲೊಬ್ಬರಾದ ಮರ್ರೆ ಎಮೆನೊ ಕೆನಡಾದಲ್ಲಿ ಹುಟ್ಟಿ, 1935ರಿಂದ 1938ರವರೆಗೆ ನಮ್ಮ ಕಡೆ ಇದ್ದು, ನೀಲಗಿರಿಯ ತೋಡ, ಕೋತ ಭಾಷೆಗಳನ್ನೂ ಕೊಡವ ಭಾಷೆಯನ್ನೂ ಹೀಗೆಯೇ ಕೇಳಿ ಕೇಳಿ ಬರೆದುಕೊಂಡವರು. ಆಕ್ಸ್‌ಫರ್ಡಿನ ಟಿ. ಬರೋ ಜೊತೆ ಅವರು 1961ರಲ್ಲಿ ತಂದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶವಿಲ್ಲದೆ ಇವತ್ತಿಗೂ ನಮ್ಮ ಭಾಷಾಶಾಸ್ತ್ರಿಗಳ ಗಾಡಿ ಮುಂದೆ ಹೋಗದು. 101 ವರ್ಷ ಬದುಕಿ 2005ರಲ್ಲಿ ತೀರಿಕೊಂಡರು. ಭಾಷೆ ಓದಿದರೆ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಆಯಸ್ಸು ಸಿಗುತ್ತದೆ ಎನ್ನಬಹುದಿತ್ತು. ಆದರೆ ಫ್ರೀಮಾಂಟಿನಲ್ಲಿ ಅದು ನಡೆಯುವುದಿಲ್ಲ. ಅಷ್ಟು ವರ್ಷ ಮನೆ ಸಾಲದ ಕಂತು ಕಟ್ಟುವವರು ಯಾರು?

ಗ್ರಂಥಾಲಯದ ಸುದ್ದಿಯನ್ನೂ ಹೇಳಿಬಿಡಬೇಕು. ಹುಲ್ಲುಹಾಸಿನ ಕೆಳಗೆ, ನೆಲದಡಿ ನಾಲ್ಕು ಅಂತಸ್ತು ಪುಸ್ತಕ. ಅಲ್ಲಿ ಅರವತ್ತರ ದಶಕದ ಕನ್ನಡ ಕಾದಂಬರಿಗಳು, ನಮ್ಮೂರ ಶಾಖಾ ಗ್ರಂಥಾಲಯದಲ್ಲಿ ಗೆದ್ದಲು ತಿಂದು ಮುಗಿಸಿದಂಥವು, ಗಟ್ಟಿ ರಟ್ಟು ಹಾಕಿಸಿಕೊಂಡು ಹವಾನಿಯಂತ್ರಣದಲ್ಲಿ ಕುಳಿತಿವೆ. ಇವು ಬಂದದ್ದು ಗೋಧಿಯ ಲೆಕ್ಕದಲ್ಲಿ. ಪಿ.ಎಲ್. 480 ಎಂಬ 1954ರ ಅಮೆರಿಕದ ಕಾಯ್ದೆಯಂತೆ ನಾವು ಅವರ ಗೋಧಿಗೆ ರೂಪಾಯಿಯಲ್ಲೇ ದುಡ್ಡು ಕೊಟ್ಟೆವು. ಆ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಅವರು ಭಾರತದ ಭಾಷೆಗಳ ಪುಸ್ತಕ ಕೊಂಡು ತಮ್ಮ ವಿಶ್ವವಿದ್ಯಾಲಯಗಳಿಗೆ ಸಾಗಿಸಿದರು. ಅಪ್ಪ ಸರ್ಕಾರಿ ಶಾಲೆಯಲ್ಲಿ ತಿಂದ ಕೇರ್ ಸಂಸ್ಥೆಯ ಉಪ್ಪಿಟ್ಟೂ ಇದೇ ಕಾಯ್ದೆಯದು, ದಾನದ ಬಾಬತ್ತು. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ, "ಉಪ್ಪಿಟ್ಟು ಚೆನ್ನಾಗಿತ್ತು. ಕಾದಂಬರಿಗಳಲ್ಲಿ ಎಲ್ಲವೂ ಚೆನ್ನಾಗಿರ್ಲಿಲ್ಲ. ಲಾಭ ನಮಗೇ" ಎಂದರು.

ಫ್ರೀಮಾಂಟಿನಲ್ಲಿ ನನ್ನ ಮರ್ಯಾದೆ ಉಳಿಸಿದ್ದು ಮಾತ್ರ ಒಂದು ಫಲಕ. ಬರ್ಕ್ಲಿಯ ಕ್ಯಾಂಪಸ್ಸಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಪೂರ್ವಜನ್ಮದ ಪುಣ್ಯ. ಅಂಥಲ್ಲಿ ಕೆಲವು ಜಾಗಗಳಿಗೆ ಎನ್.ಎಲ್. ಎಂಬ ಫಲಕವಿದೆ: ನೊಬೆಲ್ ಪುರಸ್ಕೃತರಿಗೆ ಮೀಸಲು. ಆಂಟಿಯ ಯಜಮಾನರಿಗೆ ಇದನ್ನು ಹೇಳುತ್ತಾ, ನೊಬೆಲ್ ಬರೀ ಭೌತಶಾಸ್ತ್ರದವರಿಗೇ ಬಂದದ್ದಲ್ಲ, ಇಲ್ಲಿ ಸ್ಲಾವಿಕ್ ಭಾಷೆಗಳ ವಿಭಾಗದಲ್ಲಿ ಪಾಠ ಹೇಳುತ್ತಿದ್ದ ಪೋಲಿಷ್ ಕವಿ ಚೆಸ್ಲಾವ್ ಮಿಲೋಷ್ ಅವರಿಗೂ 1980ರಲ್ಲಿ ಬಂತು ಎಂದೆ. ಅಂಕಲ್ ತಟ್ಟೆಯಿಂದ ಕೈ ಎತ್ತಿದರು. ಮೂರು ಕಂಪನಿ ಬದಲಿಸಿದವರು, ದಿನಾ ಪಾರ್ಕಿಂಗ್ ಹುಡುಕಿ ಬೆಂದವರು.

"ಭಾಷೆಯವರಿಗೂ ಕೊಡ್ತಾರಾ?"

"ಹೂಂ ಅಂಕಲ್."

"ಕವರ್ಡ್ ಪಾರ್ಕಿಂಗಾ?"

ಅಂದಿನಿಂದ ಅವರು ಡೇಟಾ ಸೈನ್ಸಿನ ಮಾತೆತ್ತಿಲ್ಲ. ಮಗನಿಗೆ ಕನ್ನಡ ಹೇಳಿಕೊಡು ಎಂದು ಕೇಳಿದ್ದೂ ಅವರೇ. ಸಂಬಳ ಬೇಡವೆಂದೆ, ಮಧ್ಯಾಹ್ನದ ಊಟಕ್ಕೆ ಒಪ್ಪಿಕೊಂಡೆ. ಹುಡುಗ ಚುರುಕು. ಆದರೆ ಮೊದಲ ವಾಕ್ಯದಲ್ಲೇ "ಅಜ್ಜಿ ಬಂತು" ಎಂದು ಬರೆದ. ಅಡುಗೆಮನೆಯಿಂದ ಆಂಟಿ, "ಬಂತು ಅಲ್ವೋ, ಬಂದರು! ಅಜ್ಜಿ ಏನು ಬಸ್ಸಾ?" ಎಂದು ಗದರಿದರು. ಪುತ್ತೂರಿನ ಕಡೆಯಿಂದ ಆರು ತಿಂಗಳಿಗೆಂದು ಬಂದು ಸೋಫಾದಲ್ಲಿ ಕುಳಿತಿದ್ದ ಅಜ್ಜಿ, ಆಂಟಿಯ ತಾಯಿ, ತಲೆಯೆತ್ತಿದರು. "ಮಾಣಿ ಬರದ್ದು ಸರಿ ಇದ್ದು. ಎಂಗಳ ಮನೆಲಿ ಹಾಂಗೇ ಹೇಳುದು" ಎಂದರು. ನಿಜವೇ. ಹವ್ಯಕರ ಮಾತಿನಲ್ಲಿ ಅಕ್ಕನೂ ಬಂತು, ಅಜ್ಜಿಯೂ ಬಂತು. ಫ್ರೀಮಾಂಟಿಗೆ ಬಂದು ಶಿಷ್ಟಕನ್ನಡಕ್ಕೆ ಬಡ್ತಿ ಪಡೆದಿದ್ದ ಆಂಟಿ ಮಾತಾಡದೆ ಸೌಟು ತಿರುಗಿಸಿದರು.

ನನ್ನೊಳಗಿನ ಎಮೆನೊ ಎದ್ದು ಕುಳಿತ. ಮುಂದಿನ ಭಾನುವಾರ ರೆಕಾರ್ಡರ್, ಮೈಕು, ಒಪ್ಪಿಗೆ ಪತ್ರ ಎಲ್ಲ ಹೊತ್ತುಕೊಂಡು ಹೋದೆ. ಅಜ್ಜಿ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಕುಳಿತಿದ್ದರು. ಧ್ವನಿ ಮಾತ್ರ ಹಿಡಿಯುವುದು ಎಂದರೂ ಕೇಳಲಿಲ್ಲ. ಸೊಂಟಕ್ಕೆ ಮೈಕು ಸಿಕ್ಕಿಸಲು ಹೋಗಿ ಬೈಸಿಕೊಂಡು ಸೆರಗಿಗೆ ಸಿಕ್ಕಿಸಿದೆ. "ಅಜ್ಜಿ, 'ನಾಯಿ ಮಗುವನ್ನು ಕಚ್ಚಿತು'. ಇದನ್ನ ನಿಮ್ಮ ಮಾತಲ್ಲಿ ಹೇಳಿ."

ಅಜ್ಜಿ ಗಾಬರಿಯಾದರು. "ಆರ ಮಗು ಅದು?"

"ಯಾರದೂ ಅಲ್ಲ ಅಜ್ಜಿ, ಸುಮ್ನೆ ವಾಕ್ಯ."

"ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಬೀಳುದು ಸುಮ್ಮನೆಯೋ?"

ಈಗ ಹದಿನಾಲ್ಕು ಇಲ್ಲ ಎಂದೆ. ಕಿಟಕಿಯಾಚೆ ಪಕ್ಕದ ಮನೆಯವರ ಕಂದು ನಾಯಿ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗುತ್ತಿತ್ತು. ಅಜ್ಜಿ ಅದನ್ನು ಬೊಟ್ಟು ಮಾಡಿ ತೋರಿಸಿ, "ಇಲ್ಯಾಣ ನಾಯಿ ಕಚ್ಚುತ್ತಿಲ್ಲೆ. ಬೇರೆ ಎಂತಾರು ಕೇಳು" ಎಂದರು.