ಜೀರ್ಣ ಲ್ಯಾಪ್‌ಟಾಪ್ ಮೀಮಾಂಸೆ

ಹತ್ತು ವರ್ಷ ದಾಟಿದ ಲ್ಯಾಪ್‌ಟಾಪು ಬಳಕೆಗೆ ಯೋಗ್ಯವೋ ಗುಜರಿಗೆ ಯೋಗ್ಯವೋ ಎಂಬ ಜಿಜ್ಞಾಸೆಯಲ್ಲಿ ಎರಡು ಪಂಥಗಳಿದ್ದು, ಮನೆಯ ಹಿರಿಯರು ಸಾಮಾನ್ಯವಾಗಿ ‘ನಡೆಯುತ್ತದೆ’-ವಾದಿಗಳೂ ಕಿರಿಯರು ‘ಹೊಸದು ಕೊಡಿಸಿ’-ವಾದಿಗಳೂ ಆಗಿರುತ್ತಾರೆ. ‘ನಡೆಯುತ್ತದೆ’ ಎಂಬ ಪಾರಿಭಾಷಿಕ ಪದಕ್ಕೆ, ಗುಂಡಿ ಒತ್ತಿ ಕಾಫಿ ಕುಡಿದು ಬರುವಷ್ಟರಲ್ಲಿ ಪರದೆ ಬೆಳಗುವುದು ಎಂದರ್ಥ. ಡಿಕಾಕ್ಷನ್ ಇಳಿಯುವ ಹೊತ್ತೂ ಆ ಅವಧಿಯಲ್ಲಿ ಸೇರುತ್ತದೆಯೇ ಎಂಬುದರಲ್ಲಿ ಒಮ್ಮತವಿಲ್ಲ.

ಪೂರ್ವಪಕ್ಷವು ಪೋರ್ಟುಗಳ, ಅಂದರೆ ಯಂತ್ರದ ಪಕ್ಕೆಯಲ್ಲಿರುವ ಕಿಂಡಿಗಳ, ವಿಚಾರದಿಂದ ಹೊರಡುತ್ತದೆ. 2011ರ ಸುಮಾರಿನ ಯಂತ್ರಕ್ಕೆ ಈಗಿನ ಪರಿಕರಗಳೊಡನೆ ಸಂಬಂಧ ಕೂಡಿಬರದು ಎಂಬುದು ಅದರ ವಾದ. ಆದರೆ ಯುಎಸ್‌ಬಿ ಕುಲದ ಕಿರಿಯರು ಹಿರಿಯರ ಮಾತನ್ನು ಮರೆತಿಲ್ಲವಾದ್ದರಿಂದ, ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸಬಲ್ಲ 3.0 ಪೆನ್‌ಡ್ರೈವು 2.0 ಕಿಂಡಿಗೆ ಸಿಕ್ಕಿದೊಡನೆ 480 ಮೆಗಾಬಿಟ್‌ಗೆ ತಗ್ಗಿ ವಿನಯದಿಂದ ನಡೆದುಕೊಳ್ಳುತ್ತದೆ. ಕೀಬೋರ್ಡು, ಮೌಸುಗಳಿಗೆ ಅಷ್ಟೂ ಹೆಚ್ಚೇ.

ನಿಜವಾದ ತೊಡಕು ವಿಜಿಎ, ಅಂದರೆ 1987ರಲ್ಲಿ ಐಬಿಎಂ ತಂದ ಹದಿನೈದು ಪಿನ್ನುಗಳ ಚಿತ್ರವಾಹಕ ವ್ಯವಸ್ಥೆ. ಅದನ್ನು ಎಚ್‌ಡಿಎಂಐ ಟೀವಿಗೆ ಕೂಡಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುವ ಕನ್ವರ್ಟರಿಗೆ, ವಿಜಿಎ ದನಿಯನ್ನು ಒಯ್ಯದ ಕಾರಣ ಶಬ್ದಕ್ಕೊಂದು ಬಾಲ, ಕರೆಂಟಿಗೆ ಇನ್ನೊಂದು ಬಾಲ. ಎರಡನೆಯದು ಒಂದು ಯುಎಸ್‌ಬಿ ಕಿಂಡಿಯನ್ನು ನುಂಗಿದ್ದರಿಂದ ಹಬ್ ಬೇಕು, ಹಬ್‌ಗೆ ಪ್ರತ್ಯೇಕ ಅಡಾಪ್ಟರು ಬೇಕು, ಅಡಾಪ್ಟರಿಗೆ ಗೋಡೆಯಲ್ಲಿ ಜಾಗವಿಲ್ಲದೆ ಎಕ್ಸ್‌ಟೆನ್ಷನ್ ಬಾಕ್ಸು ಬೇಕು. ಒಂದು ಆಧಾರಕ್ಕೆ ಮತ್ತೊಂದು, ಅದಕ್ಕೆ ಇನ್ನೊಂದು ಎಂದು ಕೊನೆಯಿಲ್ಲದೆ ಬೇಡುವ ಇದನ್ನೇ ನ್ಯಾಯಶಾಸ್ತ್ರವು ಅನವಸ್ಥಾದೋಷ ಎನ್ನುತ್ತದೆ.

ದಿನಬಳಕೆಯ ಕೆಲಸಗಳಲ್ಲಿ ವಿವಾದ ಕಡಿಮೆ. ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಕಾಫಿ ಆರುವ ಮೊದಲೇ ಪರದೆ ಬೆಳಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು, ಹನ್ನೊಂದನೆಯದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುವುದರಿಂದ, ವಾನಪ್ರಸ್ಥಕ್ಕೆ ಲಿನಕ್ಸ್ ಇದ್ದೇ ಇದೆ.

ಉಳಿಯುವುದು ಕಾಲದ ಪ್ರಶ್ನೆ. ಒಳಗಿನ ನಾಣ್ಯದಾಕಾರದ ಸೆಲ್ಲು ಸತ್ತ ಯಂತ್ರವು, ಪ್ಲಗ್ ಕಿತ್ತಿಟ್ಟು ಮತ್ತೆ ಹಾಕಿದಾಗ ತನ್ನ ಬಾಲ್ಯದ ಯಾವುದೋ ತಾರೀಕಿನಲ್ಲಿ ಎಚ್ಚರಗೊಳ್ಳುತ್ತದೆ. ಬ್ಯಾಂಕಿನ ಜಾಲತಾಣದ ಪ್ರಮಾಣಪತ್ರವು ಆ ದಿನಕ್ಕೆ ಇನ್ನೂ ಹುಟ್ಟಿರದ ಕಾರಣ ಬ್ರೌಸರು ಬಾಗಿಲು ತೆರೆಯದು. ಹೊಸ ಸೆಲ್ಲು ಹಾಕಿದರೆ ಸಾಕೆಂದು ರಿಪೇರಿಯವರು ಹೇಳಿದ ಮೇಲೂ, ತಾರೀಕು ತಪ್ಪಿರುವುದು ಬ್ಯಾಂಕಿನವರದ್ದೇ ಎಂಬ ನಿಲುವನ್ನು ‘ನಡೆಯುತ್ತದೆ’-ವಾದಿಗಳು ಬಿಟ್ಟುಕೊಟ್ಟಿಲ್ಲ.