ಮೂಗಿನ ಗಾಲಿ ಮೀಮಾಂಸೆ: ಮಣ್ಣಗುಡ್ಡದ ಒಂದು ಬೀಟಾ ಪರೀಕ್ಷೆ

ಯುದ್ಧವಿಮಾನದ ಸಿಮ್ಯುಲೇಟರ್ ಆಟಗಳ ಬಗ್ಗೆ ಲೋಕದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಅವು ಬಿಡುಗಡೆಯಾಗುವುದಕ್ಕೆ ಮುಂಚಿನ ಬೀಟಾ ದಶೆಯ ಬಗ್ಗೆ, ಅದರಲ್ಲೂ ಮಂಗಳೂರಿನ ಮಣ್ಣಗುಡ್ಡದಲ್ಲಿ ಆ ದಶೆ ಹೇಗಿರುತ್ತದೆ ಎಂಬ ಬಗ್ಗೆ, ವಿದ್ವಾಂಸರು ತುಟಿ ಬಿಚ್ಚಿಲ್ಲ. ನಮ್ಮ ಆಕರ ಒಬ್ಬನೇ: ಓಣಿಯ ಕೊನೆಮನೆಯ ಇಂಜಿನಿಯರಿಂಗ್ ಹುಡುಗ, ಇನ್ನು ಮುಂದೆ 'ಪರೀಕ್ಷಕ'. ಆಟದ ಹೆಸರು ಹೇಳುವಂತಿಲ್ಲ. ಪರೀಕ್ಷಕ ಗೌಪ್ಯದ ಕರಾರಿಗೆ ಒಪ್ಪಿಗೆ ಕೊಟ್ಟಿದ್ದಾನೆ. ಅವನ ಅಮ್ಮ ಕೊಟ್ಟಿಲ್ಲವಾದ್ದರಿಂದ ಓಣಿಗೆಲ್ಲ ಗೊತ್ತಿದೆ. ನಾವು ಮಾತ್ರ ಶಾಸ್ತ್ರಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡಿದ್ದೇವೆ.

ಮೊದಲನೆಯದು ನಿರೀಕ್ಷಾಖಂಡ. ಆಟ ಬರುತ್ತದೆಂದು ಘೋಷಣೆಯಾದದ್ದೇ ತಡ, ಪರೀಕ್ಷಕ ಪ್ರಮಾಣಶಾಸ್ತ್ರಕ್ಕೆ ಇಳಿದ. ಕಂಪನಿ ಬಿಟ್ಟ ಚಿತ್ರಗಳಲ್ಲಿ ಕಾಕ್‌ಪಿಟ್ ಒಳಗಿನದು ಒಂದೂ ಇಲ್ಲ. ಆದ್ದರಿಂದ ಕಾಕ್‌ಪಿಟ್ ಇನ್ನೂ ಆಗಿಲ್ಲ. ಇದು ಅನುಪಲಬ್ಧಿ. ದಪ್ಪಗಿರುವ ದೇವದತ್ತ ಹಗಲಲ್ಲಿ ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆ ಎಂಬ ಹಳೆಯ ಅರ್ಥಾಪತ್ತಿಯ ಪ್ರಕಾರ, ತಿಂಗಳುಗಟ್ಟಲೆ ಸುದ್ದಿಯೇ ಕೊಡದ ಕಂಪನಿ ಗುಟ್ಟಾಗಿ ಕೆಲಸ ಮುಗಿಸುತ್ತಿದೆ. ಶಬ್ದಪ್ರಮಾಣ ಒಂದೇ, 'ಶೀಘ್ರದಲ್ಲಿ'. ಓಣಿಯ ಗುರ್ಜಿ ದೀಪೋತ್ಸವದ ಹೊತ್ತಿಗೆ ಆಟ ಬಂದೇ ಬರುತ್ತದೆ ಎಂದು ಪರೀಕ್ಷಕ ಓಣಿಯಲ್ಲಿ ಸಾರಿದ. ಗುರ್ಜಿ ಬಂತು, ದೀಪ ಹಚ್ಚಿದರು, ಇಳಿಸಿದರು. ಯಾವ ವರ್ಷದ ಗುರ್ಜಿ ಎಂದು ತಾನು ಹೇಳಿರಲಿಲ್ಲ ಎಂಬುದು ಅವನ ಸಮಾಧಾನ.

ಪರಂಪರೆಯ ವಿಚಾರಕ್ಕೆ ಬಂದರೆ ಕರ್ನಾಟಕ ವಿಮಾನಪರೀಕ್ಷೆಯ ಶಾಸ್ತ್ರದಲ್ಲಿ ಯಾರಿಗೂ ಕಡಿಮೆಯಿಲ್ಲ. ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ವನ್ನು ನಾವು ಬಹುಕಾಲ ಪರೀಕ್ಷೆಗೆ ಒಳಪಡದೆ ಉಳಿದ ಸಿಮ್ಯುಲೇಟರ್ ಎಂದೇ ಪರಿಗಣಿಸುತ್ತೇವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದರ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳನ್ನು ಲೆಕ್ಕ ಹಾಕಿ ನೋಡಿದರು. ಯಾವುದಕ್ಕೂ ಹಾರುವ ಗುಣವಿಲ್ಲ ಎಂದು ಬರೆದರು. ದೋಷವರದಿ ಎಂದರೆ ಇದು. ಪ್ಯಾಚ್ ಬಿಡಬೇಕಾದವರು ಅಷ್ಟರಲ್ಲಿ ತೀರಿಕೊಂಡಿದ್ದರು ಎಂಬುದೊಂದೇ ಕುಂದು.

ಎರಡನೆಯ ಪೂರ್ವಸೂರಿ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಆಟಗಳಲ್ಲಿ ಮತ್ತೆ ಮತ್ತೆ ಬೆನ್ನಿಗೆ ಬೀಳುವ ಫೋಕೆ-ವುಲ್ಫ್ 190ರ ವಿನ್ಯಾಸಕಾರ. ಅದೇ ಮನುಷ್ಯ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ಎಚ್‌ಎಫ್-24 ಮರುತ್ ಯುದ್ಧಜೆಟ್ ರೂಪಿಸಿದ. ಜೆಟ್ ಹಾರುವ ಮುನ್ನ ಅದರ ಪೂರ್ಣ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿ 1959ರ ಏಪ್ರಿಲ್‌ನಲ್ಲಿ ಆಕಾಶಕ್ಕೆ ಬಿಟ್ಟರು. ಇಂಜಿನ್ ಇಲ್ಲ, ಬಂದೂಕಿಲ್ಲ, ಇರುವುದು ಆಕಾರ ಮಾತ್ರ: ಇದಕ್ಕಿಂತ ಶುದ್ಧವಾದ ಬೀಟಾ ಎಲ್ಲಿದೆ? 78 ಹಾರಾಟಗಳಾದವು. ಆಮೇಲೊಮ್ಮೆ ಇಳಿಯುವಾಗ ಮೂಗಿನ ಗಾಲಿ ಹೊರಗೆ ಬರಲಿಲ್ಲ. ಗ್ಲೈಡರ್ ಜಖಂ ಆಯಿತು. ಮರುತ್ ಮಾತ್ರ 1961ರ ಜೂನ್ 17ರಂದು ಹಾರಿತು. ಓದುಗರು ಆ ಗಾಲಿಯನ್ನು ನೆನಪಿಡಬೇಕು.

ಕೊನೆಗೂ ಆಟದ ಬೀಟಾ ಆವೃತ್ತಿ ಪರೀಕ್ಷಕನ ಕೈಗೆ ಬಂತು. ಈಗ ಪ್ರಯೋಗಶಾಲೆ. ಮಹಡಿಯ ಮೇಲಿನ ಹಂಚಿನ ಕೋಣೆ. ಜಾಯ್‌ಸ್ಟಿಕ್ ಜಾರದಂತೆ ಅದನ್ನು ಊಟದ ಮಣೆಗೆ ಸ್ಕ್ರೂ ಹಾಕಿ ಬಿಗಿದು, ಮಣೆಯನ್ನು ಎರಡು ತೊಡೆಗಳ ನಡುವೆ ಇಟ್ಟುಕೊಂಡಿದ್ದಾನೆ. ಶ್ರಾದ್ಧದ ದಿನ ಎಲೆ ಹಾಕುವಾಗ ಒಂದು ಮಣೆ ಕಡಿಮೆ ಬಿದ್ದು, ಪುರೋಹಿತರ ಎದುರಿಗೇ ವಾಯುಪಡೆಯನ್ನು ಕಳಚಬೇಕಾಯಿತು. ಜೂನ್‌ನ ಗುಡುಗು ಶುರುವಾದರೆ ಅಮ್ಮ ಕೆಳಗಿನಿಂದಲೇ ಮೇನ್ ಆಫ್ ಮಾಡುತ್ತಾರೆ. ಆ ಕ್ಷಣದಲ್ಲಿ ವಿಮಾನ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂಬುದನ್ನೂ ಅವನು ಬರೆದಿಡುತ್ತಾನೆ, ಕಾರಣದ ಕಾಲಂನಲ್ಲಿ 'ಅಮ್ಮ' ಎಂದು.

ಆಟದ ಸರ್ವರ್ ಯುರೋಪಿನಲ್ಲಿ. ಇಲ್ಲಿಂದ ಹೋಗಿಬರುವ ಸಂದೇಶಕ್ಕೆ 0.2 ಸೆಕೆಂಡ್ ಹಿಡಿಯಿತೆನ್ನಿ. ಗಂಟೆಗೆ 720 ಕಿ.ಮೀ. ಓಡುವ ಶತ್ರು ಅಷ್ಟರಲ್ಲಿ 40 ಮೀಟರ್ ಮುಂದೆ ಹೋಗಿರುತ್ತಾನೆ. ಫೋಕೆ-ವುಲ್ಫ್ 190ರ ಉದ್ದವೇ ಸುಮಾರು 9 ಮೀಟರ್. ಅಂದರೆ ಪರೀಕ್ಷಕ ಗುಂಡು ಹಾರಿಸುವುದು ಶತ್ರು ಬಿಟ್ಟುಹೋದ ಗಾಳಿಗೆ. ಇದರಿಂದ ಜಗತ್ತು ಮಿಥ್ಯೆ ಎಂದು ಸಾಧಿಸಲು ನಾವು ಹೊರಟಿದ್ದೆವು. ಪರೀಕ್ಷಕನ ಅಜ್ಜ ಉಡುಪಿ ಮಠದ ಕಡೆಯ ದ್ವೈತಿಗಳು, ಒಪ್ಪಲಿಲ್ಲ. "ಕಾಣುವ ವಿಮಾನ ಬೇರೆ, ನಿಜವಾದ ವಿಮಾನ ಬೇರೆ, ಎರಡೂ ಉಂಟು. ಭೇದ ಸ್ಪಷ್ಟ ಉಂಟಲ್ಲ ಮಾರಾಯ್ರೇ" ಎಂದರು. ಆ ಚರ್ಚೆಯನ್ನು ಅಲ್ಲಿಗೇ ಬಿಟ್ಟಿದ್ದೇವೆ.

ಅಮ್ಮನ ಪೂರ್ವಪಕ್ಷ ಇದಕ್ಕಿಂತ ಕಠಿಣ: "ಇಷ್ಟೆಲ್ಲ ಬರೆದು ಕಳಿಸ್ತೀಯಲ್ಲ ಮಗಾ, ಸಂಬಳ ಎಷ್ಟು ಕೊಡ್ತಾರೆ?"

"ಸಂಬಳ ಇಲ್ಲಮ್ಮ. ಮುಂಗಡ ನಾನೇ ಕಟ್ಟಿದ್ದು."

"ಎಂತ? ದುಡ್ಡು ಕೊಟ್ಟು ಕೆಲಸವಾ?"

ಸಿದ್ಧಾಂತಪಕ್ಷ ಇದಕ್ಕೆ ಉತ್ತರ ಕೊಡಲೇಬೇಕು. ಬೀಟಾ ಪರೀಕ್ಷಕನಿಗೆ ರುಚಿ ಹತ್ತಿರುವುದು ದೋಷದ್ದು; ವಿಮಾನ ಬರೀ ಅದರ ಪಾತ್ರೆ. ಪ್ರಮಾಣಕ್ಕೆ ಫಾಲ್ಕನ್ 4.0 ಎಂಬ ಸಿಮ್ಯುಲೇಟರ್ ಆಟವನ್ನು ನೋಡಿ. 1998ರ ಡಿಸೆಂಬರ್‌ನಲ್ಲಿ ದೋಷಗಳ ಸಮೇತ ಬಂತು, 2000ದಲ್ಲಿ ಅದರ ಮೂಲ ಕೋಡ್ ಸೋರಿತು, ಅಭಿಮಾನಿಗಳು ಕಾಲು ಶತಮಾನ ಕಳೆದರೂ ದುರಸ್ತಿ ಮಾಡುತ್ತಲೇ ಇದ್ದಾರೆ. ಅಷ್ಟೇನೂ ಕೆಡದೆ ಬಂದಿದ್ದ ಎಷ್ಟೋ ಆಟಗಳನ್ನು ಅದೇ ಜನ ಮರೆತುಬಿಟ್ಟಿದ್ದಾರೆ. ಅಮ್ಮನಿಗೆ ಇದನ್ನು ವಿವರಿಸಿದೆವು. ಅವರು ಮಣೆ ಯಾವಾಗ ವಾಪಸು ಸಿಗುತ್ತದೆ ಎಂದು ಕೇಳಿದರು.

ಇನ್ನು ಗಾಲಿ. ಈ ಆಟದಲ್ಲೂ ಅದೇ ಕಥೆ: ಎಡಕ್ಕೆ ವಾಲಿಕೊಂಡು ಗಾಲಿ ಇಳಿಸಿದರೆ ಮೂಗಿನದು ಹೊರಗೆ ಬರುವುದಿಲ್ಲ. ಪರೀಕ್ಷಕ ವೇಗ, ಎತ್ತರ, ವಾಲಿದ ಕೋನ, ಒತ್ತಿದ ಗುಂಡಿಗಳ ಕ್ರಮ ಎಲ್ಲ ಬರೆದು ವೀಡಿಯೊ ಸಮೇತ ಕಳಿಸಿದ. 'ನಮ್ಮಲ್ಲಿ ಮರುಕಳಿಸಲಿಲ್ಲ' ಎಂದು ಉತ್ತರ ಬಂತು. ಪ್ರತ್ಯಕ್ಷಕ್ಕೆ ಇಂಥ ಅವಮಾನ ಬೌದ್ಧರೂ ಮಾಡಿರಲಿಲ್ಲ. ಪರೀಕ್ಷಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮತ್ತೆ ಕೂತು, ಬಲಕ್ಕೆ ವಾಲಿದಾಗ ಬರುತ್ತದೆ, ಎಡಕ್ಕೆ ಮಾತ್ರ ಇಲ್ಲ ಎಂದು ಅನ್ವಯ-ವ್ಯತಿರೇಕದಿಂದ ಸಾಧಿಸಿ ಕಳಿಸಿದ. ಈ ಬಾರಿ ಕಂಪನಿ ಮೆತ್ತಗಾಯಿತು. ಹೊಸ ಆವೃತ್ತಿಯ ಟಿಪ್ಪಣಿಯನ್ನು ಅವನು ಓಣಿಯವರಿಗೆಲ್ಲ ಕೇಳುವಂತೆ ಮಹಡಿಯಿಂದಲೇ ಓದಿದ, ಕರಾರು ಗಿರಾರು ಮರೆತು: "ಮೂಗಿನ ಗಾಲಿಯ ದೋಷವನ್ನು ಸರಿಪಡಿಸಲಾಗಿದೆ. ರೆಕ್ಕೆಯ ಕೆಳಗಿನ ಎರಡು ಗಾಲಿಗಳು ಈ ಆವೃತ್ತಿಯಲ್ಲಿ ಇಳಿಯುವುದಿಲ್ಲ; ಪರಿಶೀಲನೆ ನಡೆದಿದೆ."